ಪದಚರ್ಚೆ: ರಾಜಕುಮಾರರ 'ಇನ್‌ಕಾಗ್ನಿಟೊ' ಪ್ರಯಾಣಕ್ಕೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಹತ್ತೊಂಬತ್ತನೇ ಶತಮಾನದ ಯುರೋಪಿನ ರಾಜಕುಮಾರರ ಪ್ರವಾಸಗಳ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೆಜ್ಜೆ ಹೆಜ್ಜೆಗೂ 'ಇನ್‌ಕಾಗ್ನಿಟೊ' ಎಂಬ ಪದ ಅಡ್ಡ ಬರುತ್ತಿದೆ. ದೊಡ್ಡ ಬಿರುದನ್ನು ಬಿಟ್ಟು ಬೇರೊಂದು ಹೆಸರಿನಲ್ಲಿ ಪ್ರಯಾಣ ಮಾಡುವುದು ಎಂದು ಅದರ ಅರ್ಥ. ಮಾರುವೇಷ, ಅಜ್ಞಾತ, ಗುಪ್ತ ಎಲ್ಲವನ್ನೂ ಇಟ್ಟು ನೋಡಿದೆ. ಒಂದೂ ಒಗ್ಗುತ್ತಿಲ್ಲ.

ಏಕೆಂದರೆ ಇದರಲ್ಲಿ ವೇಷವೂ ಇಲ್ಲ, ಗುಟ್ಟೂ ಇಲ್ಲ. ವಿಕ್ಟೋರಿಯಾ ರಾಣಿಯ ಹಿರಿಯ ಮಗ ಆಲ್ಬರ್ಟ್ ಎಡ್ವರ್ಡ್ 1860ರಲ್ಲಿ, 18ರ ಹರೆಯದಲ್ಲಿ, ಕೆನಡಾಕ್ಕೆ ಹೋದ. ಅಲ್ಲಿ ಅವನು ವೇಲ್ಸ್‌ನ ರಾಜಕುಮಾರ. ಮಾಂಟ್ರಿಯಲ್‌ನಲ್ಲಿ ಸೇತುವೆ ಉದ್ಘಾಟಿಸಿದ, ಒಟ್ಟಾವದಲ್ಲಿ ಸಂಸತ್ ಭವನಕ್ಕೆ ಅಡಿಗಲ್ಲು ಇಟ್ಟ. ಸೆಪ್ಟೆಂಬರ್‌ನಲ್ಲಿ ನದಿ ದಾಟಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಇಳಿದಾಗ ಅವನೇ 'ಬ್ಯಾರನ್ ರೆನ್‌ಫ್ರೂ'! ಅದೇ ಮುಖ, ಅದೇ ಪರಿವಾರ. ಬಂದವನು ಯಾರೆಂದು ದಡದಲ್ಲಿ ನೆರೆದ ಜನಕ್ಕೆಲ್ಲ ಗೊತ್ತು. ವಾಷಿಂಗ್ಟನ್‌ನಲ್ಲಿ ಅಧ್ಯಕ್ಷ ಬುಕಾನನ್ ಅವನನ್ನು ಶ್ವೇತಭವನದಲ್ಲೇ ಉಳಿಸಿಕೊಂಡರು. ನ್ಯೂಯಾರ್ಕಿನ ನೃತ್ಯಕೂಟದಲ್ಲಂತೂ ಈ 'ಬ್ಯಾರನ್'ನನ್ನು ನೋಡಲು ನುಗ್ಗಿದ ಜನದ ಭಾರಕ್ಕೆ ನೆಲದ ಹಲಗೆಗಳೇ ಕುಸಿದವು. ಬಡಗಿಗಳು ಬಂದು ರಿಪೇರಿ ಮಾಡಿದ ಮೇಲೆ ಕುಣಿತ ಶುರುವಾಯಿತು.

ರೆನ್‌ಫ್ರೂ ಎಂಬುದು ಸುಳ್ಳು ಹೆಸರೂ ಅಲ್ಲ, ಅವನದೇ ಬಿರುದುಗಳ ಸಾಲಿನಲ್ಲಿದ್ದ ಒಂದು ಚಿಕ್ಕ ಬಿರುದು. ದೊಡ್ಡದನ್ನು ಪಕ್ಕಕ್ಕಿಟ್ಟು ಚಿಕ್ಕದನ್ನು ಹಿಡಿದರೆ ಕುಶಾಲತೋಪಿನ ಮರ್ಯಾದೆ, ಯಾರು ಮೊದಲು ಕೂರಬೇಕೆಂಬ ರಗಳೆ, ಭೇಟಿಗೆ ಪ್ರತಿಭೇಟಿ ಎಲ್ಲ ಹಗುರ. ಎರಡೂ ಕಡೆಯವರು ಒಪ್ಪಿ ಆಡುವ ನಾಟಕ ಅಷ್ಟೆ.

ಈಗ ನಮ್ಮ ಪದಗಳಿಗೆ ಬರೋಣ. 'ಅಜ್ಞಾತವಾಸ' ಅಂದರೆ ಓದುಗರಿಗೆ ಕಂಕ, ವಲಲ, ಬೃಹನ್ನಳೆಯರೇ ಕಣ್ಣಮುಂದೆ ಬರುತ್ತಾರೆ. ಅಲ್ಲಿ ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ ಕಾಡು. ಇಲ್ಲಿ ಗುರುತು ಸಿಕ್ಕರೆ ಹಾರ ತುರಾಯಿ. 'ಮಾರುವೇಷ' ಅಂದರೆ ರಾಜ ಕಂಬಳಿ ಹೊದ್ದು ರಾತ್ರಿ ಊರು ಸುತ್ತಬೇಕು. 'ತಲೆಮರೆಸಿಕೊಂಡು' ಅಂತ ಸ್ನೇಹಿತರೊಬ್ಬರು ಸೂಚಿಸಿದರು. ಪಾಪ, ರಾಜಕುಮಾರನ ಮೇಲೆ ವಾರಂಟ್ ಹೊರಡಿಸಿದ ಹಾಗಾಗುತ್ತದೆ!

ಹಾಗಂತ ಗುಟ್ಟಿನ ಅಂಶ ಎಲ್ಲ ಸಲವೂ ಸೊನ್ನೆ ಎನ್ನಲಾರೆ. ಆಸ್ಟ್ರಿಯಾದ ಸಾಮ್ರಾಜ್ಞಿ ಎಲಿಸಬೆತ್ 1898ರಲ್ಲಿ 'ಹೋಹನೆಂಬ್ಸ್‌ನ ಕೌಂಟೆಸ್' ಎಂಬ ಹೆಸರಿನಲ್ಲಿ ಜಿನೀವಾದ ಹೋಟೆಲೊಂದರಲ್ಲಿ ತಂಗಿದ್ದಳು. ಅದೂ ಗಂಡನ ಮನೆತನದ ಬಿರುದುಗಳಲ್ಲಿ ಒಂದು. ಆಕೆ ಯಾರೆಂಬುದು ಪತ್ರಿಕೆಯಲ್ಲಿ ಅಚ್ಚಾಯಿತು. ಲುಕೇನಿ ಎಂಬ ಅರಾಜಕತಾವಾದಿ ಅಲ್ಲಿಗೆ ಬಂದದ್ದು ಫ್ರಾನ್ಸಿನ ಸಿಂಹಾಸನಕ್ಕೆ ಹಕ್ಕು ಹೇಳುತ್ತಿದ್ದ ಓರ್ಲಿಯನ್ಸ್ ರಾಜಕುಮಾರನನ್ನು ಕೊಲ್ಲಲು. ಅವನು ಸಿಗಲಿಲ್ಲ, ಈಕೆಯ ಸುದ್ದಿ ಸಿಕ್ಕಿತು. ಸೆಪ್ಟೆಂಬರ್ 10ರಂದು ಹಡಗು ಹತ್ತಲು ನಡೆದು ಹೋಗುತ್ತಿದ್ದವಳ ಎದೆಗೆ ಮೊನೆ ಮಾಡಿದ ಅರದಿಂದ ಇರಿದ. ಇಂಥ ಕಡೆ 'ಹೆಸರು ಮರೆಸಿ' ಎಂದರೆ ಸರಿಹೋಗುತ್ತದೆ. ಆದರೆ ಅದನ್ನೇ ರೆನ್‌ಫ್ರೂಗೂ ಹಾಕಲು ಮನಸ್ಸು ಒಪ್ಪುತ್ತಿಲ್ಲ.

ಮಂತ್ರಿಗಳು ದೇವಸ್ಥಾನಕ್ಕೆ ಬಂದಾಗ ಪತ್ರಿಕೆಗಳು ಬರೆಯುವ 'ಖಾಸಗಿ ಭೇಟಿ' ಅರ್ಥದಲ್ಲಿ ತೀರ ಹತ್ತಿರ. ಆದರೆ ಅದರಲ್ಲಿ ಬದಲಾದ ಹೆಸರಿನ ಸುಳಿವಿಲ್ಲ. ಸದ್ಯಕ್ಕೆ 'ಕಿರುಬಿರುದಿನ ಪ್ರಯಾಣ' ಎಂದು ಬರೆದುಕೊಂಡಿದ್ದೇನೆ.

ಇದೇ ಎಡ್ವರ್ಡನ ಮಗ ಆಲ್ಬರ್ಟ್ ವಿಕ್ಟರ್ 1889ರ ನವೆಂಬರ್ 30ರಂದು ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಹಾಕಿದ. ಅದು ಬಹಿರಂಗ ಸಮಾರಂಭ, ಆ ವರದಿಗಳಲ್ಲಿ ನನಗೆ ಬೇಕಾದ ಪದ ಸಿಗುವ ಆಸೆಯಿಲ್ಲ. ಆದರೆ ನಮ್ಮ ಅರಸರೂ ಹೀಗೆ ದರ್ಬಾರಿನ ಮರ್ಯಾದೆ ಬಿಟ್ಟು ಪರವೂರಿಗೆ ಹೋದಾಗ ಅರಮನೆ ಕಾಗದಪತ್ರಗಳಲ್ಲಿ ಏನೆಂದು ಬರೆಯುತ್ತಿದ್ದರು? ಮೈಸೂರು ಕಡೆಯದಾಗಲಿ, ಸಂಡೂರು, ಜಮಖಂಡಿ ಕಡೆಯದಾಗಲಿ, ಕಂಡವರು ವಾಕ್ಯಸಮೇತ ತಿಳಿಸಿ. 'ಕಿರುಬಿರುದು' ಕಿವಿಗೆ ಕರ್ಕಶ ಎನಿಸಿದರೆ ಅದನ್ನೂ ಹೇಳಿ.