ಬಾಣಂತನದಲ್ಲಿ ಯೋನಿಗೆ ಹಬೆ: ಮಲೇಷಿಯಾದ ‘ತಂಗಾಸ್’ ಮಾಡಿಸಿಕೊಳ್ಳಬಹುದೇ?

ಪ್ರಶ್ನೆ: ಕ್ವಾಲಾಲಂಪುರದಲ್ಲಿರುವ ಬಾಣಂತಿ

ನನಗೆ ಹೆರಿಗೆಯಾಗಿ ಎರಡನೆಯ ವಾರ ನಡೆಯುತ್ತಿದೆ. ಸಹಜ ಹೆರಿಗೆಯಾದರೂ ಹೊಲಿಗೆಗಳು ಬಿದ್ದಿವೆ. ಇಲ್ಲಿನ ಮಲಯ ಕುಟುಂಬಗಳಲ್ಲಿ 44 ದಿನಗಳ ಬಾಣಂತನವನ್ನು ಬಹಳ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ನೆರೆಮನೆಯವರ ಸಲಹೆಯಂತೆ ಅವರ ಪದ್ಧತಿಯ ಸೂಲಗಿತ್ತಿಯೊಬ್ಬರನ್ನು ನಾವೂ ಗೊತ್ತು ಮಾಡಿಕೊಂಡಿದ್ದೇವೆ. ಎಣ್ಣೆ ಹಚ್ಚಿ ಮೈ ನೀವುವುದು, ಕಾಯಿಸಿದ ಕಲ್ಲನ್ನು ಎಲೆ ಮತ್ತು ಬಟ್ಟೆಯಲ್ಲಿ ಸುತ್ತಿ ಹೊಟ್ಟೆಗೆ ಶಾಖ ಕೊಡುವುದು, ‘ಬೆಂಕುಂಗ್’ ಎಂಬ ಉದ್ದನೆಯ ಬಟ್ಟೆಯನ್ನು ಹೊಟ್ಟೆಗೆ ಬಿಗಿಯುವುದು ಎಲ್ಲವೂ ನನಗೆ ಹಿತವಾಗಿಯೇ ಇವೆ. ಆದರೆ ಮುಂದಿನ ವಾರದಿಂದ ‘ತಂಗಾಸ್’ ಆರಂಭಿಸೋಣ ಎನ್ನುತ್ತಿದ್ದಾರೆ. ನಡುವೆ ತೂತಿರುವ ಮರದ ಪೀಠದ ಮೇಲೆ ಕುಳಿತು, ಕೆಳಗಿನ ಪಾತ್ರೆಯಲ್ಲಿ ಕುದಿಸಿದ ಮಜ್ಜಿಗೆ ಹುಲ್ಲು, ವೀಳ್ಯದೆಲೆ ಮುಂತಾದವುಗಳ ಹಬೆಯನ್ನು ಯೋನಿಗೆ ತೆಗೆದುಕೊಳ್ಳಬೇಕಂತೆ. ಅದರಿಂದ ಗರ್ಭಕೋಶ ಶುದ್ಧವಾಗಿ ಬೇಗ ಕುಗ್ಗುತ್ತದೆಯಂತೆ. ಬಾಣಂತನಕ್ಕೆಂದು ಧಾರವಾಡದಿಂದ ಬಂದಿರುವ ನಮ್ಮ ತಾಯಿಯವರು, ಇದು ನಮ್ಮ ಕಡೆಯ ಅಗ್ಗಿಷ್ಟಿಕೆಯ ಶಾಖದಂತೆಯೇ ಅಲ್ಲವೇ, ಮಾಡಿಸಿಕೋ ಎನ್ನುತ್ತಾರೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಸ್ತ್ರೀರೋಗ ತಜ್ಞೆ, ಹುಬ್ಬಳ್ಳಿ

ಮಾಡಿಸಿಕೊಳ್ಳಬೇಡಿ. ಕಾರಣಗಳನ್ನು ವಿವರವಾಗಿ ಬರೆಯುತ್ತೇನೆ, ತಾಯಿಯವರಿಗೂ ಓದಿ ಹೇಳಿ.

ಹೆರಿಗೆಯಾದ ಕೂಡಲೇ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶವು ಆರು ವಾರಗಳಲ್ಲಿ ನೂರು ಗ್ರಾಮಿಗಿಂತ ಕಡಿಮೆ ತೂಕಕ್ಕೆ ತಾನಾಗಿಯೇ ಇಳಿಯುತ್ತದೆ. ಮಗು ಮೊಲೆ ಚೀಪುವಾಗ ತಾಯಿಯ ದೇಹದಲ್ಲಿ ಸ್ರವಿಸುವ ಆಕ್ಸಿಟೋಸಿನ್ ಹಾರ್ಮೋನು ಅದನ್ನು ಹಿಂಡುತ್ತದೆ. ಹಾಲೂಡಿಸುವಾಗ ಕಿಬ್ಬೊಟ್ಟೆಯಲ್ಲಿ ನಿಮಗೆ ಹಿಡಿದಂತಾಗುತ್ತಿದ್ದರೆ ಅದು ಈ ಕೆಲಸದ ಗುರುತೇ. ಪೀಠದ ಕೆಳಗಿನ ಹಬೆಯು ಗರ್ಭಕೋಶದವರೆಗೆ ಏರುವುದಿಲ್ಲ, ಏರಿದರೂ ಅಲ್ಲಿ ತೊಳೆಯಬೇಕಾದ ಕೊಳೆಯೇನೂ ಇಲ್ಲ. ನಾಲ್ಕರಿಂದ ಆರು ವಾರ ಹೋಗುವ ಸ್ರಾವವೆಂದರೆ ಮಾಸು ಅಂಟಿದ್ದ ಜಾಗದ ಗಾಯ ಮಾಯುವಾಗ ಕಳಚಿ ಬರುವ ಪದರ ಮತ್ತು ರಕ್ತ. ಯೋನಿಯೂ ಅಷ್ಟೇ, ತನ್ನನ್ನು ತಾನೇ ಸ್ವಚ್ಛವಾಗಿಟ್ಟುಕೊಳ್ಳುವ ಅಂಗ.

ಇನ್ನು ಅಪಾಯದ ವಿಷಯ. ಹೊಲಿಗೆ ಬಿದ್ದ ಚರ್ಮವು ಊದಿಕೊಂಡಿರುತ್ತದೆ, ಸ್ಪರ್ಶಜ್ಞಾನವೂ ಅಲ್ಲಲ್ಲಿ ಮಂದವಾಗಿರುತ್ತದೆ. ಬಿಸಿ ಅತಿಯಾಯಿತೆಂದು ನಿಮಗೆ ತಿಳಿಯುವಷ್ಟರಲ್ಲಿ ಸುಟ್ಟಿರಬಹುದು. ಕೆನಡಾದಲ್ಲಿ ಯೋನಿ ಜಾರಿದ್ದ 62 ವರ್ಷದ ಮಹಿಳೆಯೊಬ್ಬರು ಶಸ್ತ್ರಚಿಕಿತ್ಸೆಯನ್ನು ತಪ್ಪಿಸಲೆಂದು ಎರಡು ದಿನ ಕುದಿನೀರಿನ ಮೇಲೆ ಕುಳಿತು, ಎರಡನೆಯ ಹಂತದ ಸುಟ್ಟಗಾಯಗಳೊಂದಿಗೆ ಆಸ್ಪತ್ರೆ ಸೇರಿದ್ದು 2019ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಹಿತಕ್ಕಾಗಿ ಬಿಸಿ ಬೇಕೆನಿಸಿದರೆ, ಅಗಲವಾದ ಟಬ್ಬಿನಲ್ಲಿ ಕೈಗೆ ಹದವೆನಿಸುವ ಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಕುಳಿತು, ಆಮೇಲೆ ಮೃದುವಾದ ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಿ. ಸ್ರಾವಕ್ಕೆ ದುರ್ವಾಸನೆ ಬಂದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಥವಾ ಗಂಟೆಗೊಂದು ಪ್ಯಾಡ್ ಪೂರ್ತಿ ತೊಯ್ದರೆ ಸೂಲಗಿತ್ತಿಗಾಗಿ ಕಾಯದೆ ಆಸ್ಪತ್ರೆಗೆ ಹೋಗಿ.

ಉತ್ತರ 2: ಆಯುರ್ವೇದ ವೈದ್ಯೆ, ಉಡುಪಿ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ‘ಯೋನಿ ಸ್ಟೀಮ್’ ಎಂಬ ಹೆಸರಿನಲ್ಲಿ ಸ್ಪಾಗಳು ಮಾರುವುದನ್ನು ಆಯುರ್ವೇದದ ತಲೆಗೆ ಕಟ್ಟುವವರಿರುವುದರಿಂದ ಒಂದು ಮಾತು ಸೇರಿಸುತ್ತೇನೆ. ಕಾಶ್ಯಪ ಸಂಹಿತೆಯಲ್ಲಿ ಬಾಣಂತಿಗೆ ಬಿಸಿನೀರಿನ ಸ್ನಾನವಾದ ಮೇಲೆ ಕೋಷ್ಠ, ಗುಗ್ಗುಳ, ಅಗರುಗಳನ್ನು ತುಪ್ಪದೊಂದಿಗೆ ಸೇರಿಸಿ ಧೂಪ ಕೊಡುವ ವಿಧಿ ಇದೆ. ಅದು ಒಣ ಹೊಗೆ, ಕುದಿನೀರಿನ ಹಬೆಯಲ್ಲ. ಅದು ಬಹಳ ಹಿಂದಿನ ಕಾಲದಲ್ಲಿ ಹೇಳಿದ್ದು ಎಂಬುದನ್ನೂ ಮರೆಯಬಾರದು. ಗ್ರಂಥದಲ್ಲಿದೆ ಎಂಬ ಒಂದೇ ಕಾರಣಕ್ಕೆ ನನ್ನ ಬಳಿ ಬರುವ ಬಾಣಂತಿಯರಿಗೆ ನಾನು ಅದನ್ನೂ ಸೂಚಿಸುವುದಿಲ್ಲ. ಕೊರಿಯಾದವರು ಮಾಚಿಪತ್ರೆಯ ಜಾತಿಯ ಸೊಪ್ಪಿನಿಂದ ಇಂಥದೇ ಹಬೆ ತೆಗೆದುಕೊಳ್ಳುತ್ತಾರೆ, ಮಧ್ಯ ಅಮೆರಿಕದ ಮಾಯಾ ಸೂಲಗಿತ್ತಿಯರಲ್ಲೂ ಈ ರೂಢಿಯಿದೆ. 2015ರಲ್ಲಿ ನಟಿ ಗ್ವಿನೆತ್ ಪಾಲ್ಟ್ರೊ ತಮ್ಮ ಜಾಲತಾಣದಲ್ಲಿ ಹೊಗಳಿದ ಮೇಲೆ ಅದು ದೊಡ್ಡ ವ್ಯಾಪಾರವಾಯಿತು. ಮನೆಯ ಹಿರಿಯರು ಪಕ್ಕದಲ್ಲಿ ಕುಳಿತು ಕೊಡುವ ಆರೈಕೆಗೂ ಚೀಟಿ ಹರಿದು ಕೊಡುವ ಪ್ಯಾಕೇಜಿಗೂ ಬಹಳ ಅಂತರವಿದೆ, ಆದರೆ ಸುಡುವ ವಿಷಯದಲ್ಲಿ ಎರಡೂ ಒಂದೇ.

ಉತ್ತರ 3: ಬಾಗಲಕೋಟೆಯ ಹಿರಿಯ ಗೃಹಿಣಿ

ತಂಗೀ, ನಿನ್ನ ತಾಯಿಯವರ ಮಾತು ಅರ್ಧ ಸರಿ. ನಮ್ಮಲ್ಲಿ ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸಿ, ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡವಿಟ್ಟು, ಅದರ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಉದುರಿಸುತ್ತಿದ್ದೆವು. ಆ ಶಾಖ ತಟ್ಟುತ್ತಿದ್ದದ್ದು ಬೆನ್ನಿಗೆ, ಸೊಂಟಕ್ಕೆ. ಹಗ್ಗದ ಮೇಲೆ ಹಾಸಿದ ಕೌದಿಯ ಮೂಲಕ ಅದು ಬರುತ್ತಿದ್ದುದರಿಂದ ಹದವಾಗಿರುತ್ತಿತ್ತು. ಬತ್ತಲೆ ಮೈಯನ್ನು ಕುದಿಯುವ ಪಾತ್ರೆಯ ಮೇಲೆ ಇಡಿಸಿದ್ದನ್ನು ನಮ್ಮ ಮನೆತನದಲ್ಲಿ ನಾನು ಕಂಡಿಲ್ಲ. ಅಗ್ಗಿಷ್ಟಿಕೆಯನ್ನಾದರೂ ಈಗಿನ ಫ್ಲಾಟುಗಳಲ್ಲಿ ಇಡಬಾರದು: ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ ತಾಯಿ ಮಗು ಇಬ್ಬರಿಗೂ ಪ್ರಾಣಕ್ಕೆ ಕುತ್ತು. ನಮ್ಮ ಪಡಸಾಲೆಯ ಹಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು, ಹಾಗಾಗಿ ನಡೆಯಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ತಾಯಿಯವರು ಮೂರೂ ಉತ್ತರಗಳನ್ನು ಓದಿಸಿಕೊಂಡು, ಕಲ್ಲಿನ ಶಾಖ ಮತ್ತು ಬೆಂಕುಂಗ್ ಸಾಕು, ತಂಗಾಸ್ ಬೇಡವೆಂದು ಹೇಳು ಎಂದಿದ್ದಾರೆ. ಅವೆರಡನ್ನು ಮುಂದುವರಿಸಬಹುದಷ್ಟೇ, ಡಾಕ್ಟರೇ?

ಉತ್ತರ 4: ಸ್ತ್ರೀರೋಗ ತಜ್ಞೆ, ಹುಬ್ಬಳ್ಳಿ

ಮುಂದುವರಿಸಬಹುದು. ಕಲ್ಲನ್ನು ಹೊಟ್ಟೆಗೆ ಇಡುವ ಮೊದಲು ತಾಯಿಯವರು ತಮ್ಮ ಮುಂಗೈ ಒಳಭಾಗಕ್ಕೆ ತಾಗಿಸಿ ನೋಡಲಿ, ಒಂದೇ ಕಡೆ ಒತ್ತಿ ಹಿಡಿಯುವುದು ಬೇಡ. ಬೆಂಕುಂಗನ್ನು ಉಸಿರಾಟಕ್ಕೆ ತೊಡಕಾಗದಷ್ಟು, ಎರಡು ಬೆರಳು ನುಸುಳುವಷ್ಟು ಸಡಿಲವಾಗಿ ಕಟ್ಟಿಸಿಕೊಳ್ಳಿ. ಯೋನಿಯ ಕಡೆಗೆ ಏನೋ ಜಗ್ಗಿದಂತೆ, ಜಾರಿದಂತೆ ಅನಿಸಿದರೆ ಅದು ಬಿಗಿ ಹೆಚ್ಚಾಗಿರುವ ಲಕ್ಷಣ, ಆಗ ಬಿಚ್ಚಿಬಿಡಿ.