ಕುಸನೂರ ರಸ್ತೆ ಕಡೆ ಹಳೆ ಮನಿ: ಓಣಿಯ ಉಳಿದ ಮನಿಗಳ ಜೋಡಿ ಹೋಲಿಸೋದು ಹ್ಯಾಂಗ್ರಿ?

ಪ್ರಶ್ನೆ

ಕಲಬುರಗಿ ಕುಸನೂರ ರಸ್ತೆ ಕಡೆ ಒಂದು ಮನಿ ನೋಡೀವ್ರಿ. 30×40 ಪ್ಲಾಟು, ಒಂದೇ ಅಂತಸ್ತು, 900 ಚದರ ಅಡಿ, ಕಟ್ಟಿ 18 ವರ್ಷ ಆಗ್ಯಾವ. 58 ಲಕ್ಷ ಕೇಳ್ತಾರ. ಅದೇ ಸಾಲಿನಾಗ ಇನ್ನೊಂದು 30×40 ಮನಿ, ಎರಡು ಅಂತಸ್ತು, 1,900 ಚದರ ಅಡಿ, 6 ವರ್ಷದ್ದು, 70 ಲಕ್ಷಕ್ಕ ಹೋಗ್ಯಾದಂತ. "ಅದಕ್ಕಿಂತ 12 ಲಕ್ಷ ಕಮ್ಮಿ ಅಲ್ಲೇನ್ರಿ" ಅಂತಾನ ಏಜೆಂಟ. ತಿಳಿದವ್ರು ಹೇಳ್ರಿ.

ಮೌಲ್ಯಮಾಪನ ಮಾಡುವವರು

ಇಡೀ ಮನೆಯ ಬೆಲೆಯನ್ನು ಇಡೀ ಮನೆಯ ಬೆಲೆ ಜೊತೆ ಇಟ್ಟು ನೋಡಬೇಡಿ ಸರ್. ಜಾಗ ಬೇರೆ, ಕಟ್ಟಡ ಬೇರೆ ಮಾಡಿ. ಕಟ್ಟಡ ವರ್ಷ ಕಳೆದಂತೆ ಇಳಿಯುತ್ತದೆ, ಜಾಗ ಹಾಗೆ ಸವೆಯುವುದಿಲ್ಲ.

ನಿಮ್ಮ ಲೆಕ್ಕವನ್ನೇ ಹಾಕೋಣ. ಕಟ್ಟುವ ಖರ್ಚು ಚದರ ಅಡಿಗೆ 1,800 ಎಂದು ಸುಮ್ಮನೆ ಹಿಡಿದಿದ್ದೇನೆ, ಇವತ್ತಿನ ರೇಟನ್ನು ಇಬ್ಬರು ಗುತ್ತಿಗೆದಾರರನ್ನು ಕೇಳಿ ಬದಲಿಸಿಕೊಳ್ಳಿ. ಆರ್‌ಸಿಸಿ ಮನೆಗೆ 60 ವರ್ಷ ಆಯುಷ್ಯ, ಕೊನೆಗೆ 10% ಉಳಿಕೆ ಅಂತ ಹಿಡಿದರೆ ವರ್ಷಕ್ಕೆ 1.5% ಸವಕಳಿ.

ಮಾರಿದ ಮನೆ: 1,900 × 1,800 = 34,20,000. 6 ವರ್ಷಕ್ಕೆ 9% ಕಳೆದರೆ 31,12,200. 70 ಲಕ್ಷದಲ್ಲಿ ಇದನ್ನು ಕಳೆದರೆ ಜಾಗಕ್ಕೆ ಬಿದ್ದದ್ದು 38,87,800, ಅಂದರೆ ಚದರ ಅಡಿಗೆ ಸುಮಾರು 3,240.

ನೀವು ನೋಡಿದ್ದು: 900 × 1,800 = 16,20,000. 18 ವರ್ಷಕ್ಕೆ 27% ಕಳೆದರೆ 11,82,600. ಅದೇ ಜಾಗದ ಬೆಲೆ ಕೂಡಿಸಿದರೆ 50,70,400. ಏಜೆಂಟ್ ಹೇಳುವ "12 ಲಕ್ಷ ಕಮ್ಮಿ" ಎಲ್ಲಿ ಉಳಿಯಿತು? ಈ ಲೆಕ್ಕದ ಪ್ರಕಾರ 7 ಲಕ್ಷ ಜಾಸ್ತಿಯೇ ಆಯಿತು.

ಒಂದೇ ಮನೆ ನಂಬಿ ಕೂರಬೇಡಿ. ಅದೇ ಬಡಾವಣೆಯಲ್ಲಿ ಒಂದು ವರ್ಷದೊಳಗೆ ಮಾರಾಟವಾದ ನಾಲ್ಕೈದು ಮನೆಗಳಿಗೆ ಹೀಗೇ ಜಾಗದ ರೇಟು ತೆಗೆದು, ತೀರಾ ಮೇಲಿನದು, ತೀರಾ ಕೆಳಗಿನದು ಬಿಡಿ. ಮೂಲೆ ಪ್ಲಾಟು, ಅಗಲ ರಸ್ತೆಯದು, ಅಂಗಡಿ ಹಾಕಲು ಬರುವಂಥದು ಬೇರೆ ಪಟ್ಟಿಗೆ. ಅಳತೆಯನ್ನು ಟೇಪು ಹಿಡಿದು ನೀವೇ ಹೊರಗಿನಿಂದ ತೆಗೆದುಕೊಳ್ಳಿ. ಪೋರ್ಟಿಕೊ, ಮೆಟ್ಟಿಲು, ಮೇಲಿನ ತಗಡಿನ ಶೆಡ್ಡು ಎಲ್ಲ ಸೇರಿಸಿ ಹೇಳುವ ಚಾಳಿ ಇದೆ.

ದಸ್ತಾವೇಜು ಬರೆಯೋರು

ಲೆಕ್ಕ ಸರಿ ಅದರೀ, ಆದ್ರ ಆ 70 ಲಕ್ಷ ಖರೇನಾ? ಅದು 66 ಇದ್ರ, ಆ 4 ಲಕ್ಷ ಪೂರಾ ಜಾಗದ ಲೆಕ್ಕದಾಗ ಕಮ್ಮಿ ಆಗ್ತದ, ನಿಮ್ಮ ಮನಿನೂ 46,70,400ಕ್ಕ ಇಳೀತದ.

ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಾಗ ಆ ಮನಿಯ ಋಣಭಾರ ಪತ್ರ (ಇ.ಸಿ.) ತೆಗಸ್ರಿ. ಯಾವಾಗ ಮಾರಾಟ ಆಯ್ತು, ದಸ್ತಾವೇಜು ನಂಬರ ಏನು, ಎಷ್ಟು ಜಾಗ, ಚಕ್ಕುಬಂದಿ ಏನು, ಇವಕ್ಕ ಅದನ್ನ ನಂಬಬಹುದು. ಬೆಲೆ ಮಾತ್ರ ಭಾಳ ಕಡೆ ಸರ್ಕಾರ ಗೊತ್ತು ಮಾಡಿದ ಮಾರ್ಗಸೂಚಿ ದರಕ್ಕ ಹೊಂದಿಸಿ ಬರೆದದ್ದು ಇರ್ತದ. ಮಾರ್ಗಸೂಚಿ ದರ ಮುದ್ರಾಂಕ ಶುಲ್ಕಕ್ಕ ಕೆಳಗಿನ ಮಿತಿ, ಪ್ಯಾಟಿ ರೇಟ ಅಲ್ಲ. ಖರೇ ರೇಟಿಗೆ ಕೊಂಡವರನ್ನ, ಇಲ್ಲಾಂದ್ರ ಕೊಳ್ಳಾಕ ಹೋಗಿ ಬಿಟ್ಟವರನ್ನ ಕೇಳ್ರಿ. ಬಿಟ್ಟವರು ಮುಚ್ಚಿಡೋದು ಕಮ್ಮಿ.

ಇನ್ನೊಂದು, ಖಾತಾ ಒಂದೇ ನಮೂನಿದು ಇರಬೇಕು. ಎನ್.ಎ. (ಹೊಲದಿಂದ ಕೃಷಿಯೇತರ ಜಾಗಕ್ಕ ಬದಲಾವಣಿ) ಆಗಿ, ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗಿ ಇರೋ ಬಡಾವಣೆಯ ಮನಿ ಬೇರೆ, ಗುಂಟಾ ಲೆಕ್ಕದಾಗ ಹರದು ಮಾರಿದ ಹೊಲದಾಗಿನ ಮನಿ ಬೇರೆ. ನಡುವ ಬರೀ ಒಂದು ರಸ್ತೆ ಇದ್ರೂ ಎರಡನ್ನ ಒಂದೇ ಪಟ್ಟಿಗೆ ಹಾಕಬ್ಯಾಡ್ರಿ. ಬಿ ಖಾತಾ, ಅಂದ್ರ ಒಪ್ಪಿಗಿ ಪೂರಾ ಇಲ್ಲದ ಆಸ್ತಿಯ ಖಾತಾ ಇರೋ ಮನಿಗಿ ಸಾಲ ಸಿಗೋದು ತ್ರಾಸು, ಕೊಳ್ಳೋ ಮಂದಿ ಕಮ್ಮಿ, ಅದಕ್ಕ ರೇಟೂ ಕಮ್ಮಿ.

ಸೈಟ್ ಎಂಜಿನಿಯರ್

ಸವಕಳಿ 27% ಅನ್ನೋದು ಮನಿ ಗಟ್ಟಿ ಇದ್ರ ಮಾತ್ರ. ನಮ್ಮ ಕಡೆ ಎರಿ ಮಣ್ಣು. ಮಳಿಗಾಲಕ್ಕ ಉಬ್ಬತದ, ಬ್ಯಾಸಗಿಗೆ ಕುಗ್ಗತದ. ಬುನಾದಿ ಎರಿ ಮಣ್ಣು ದಾಟಿ ಕೆಳಗಿನ ಗಟ್ಟಿ ಮುರುಮಿಗೆ ಮುಟ್ಟದಿದ್ರ ಗ್ವಾಡಿ ತಾನ ಹೇಳ್ತದ. ಕಿಡಕಿಯ ಮೂಲಿಯಿಂದ ಓರೆಯಾಗಿ ಹೊಂಟ ಬಿರುಕು ನೋಡ್ರಿ. ಗ್ವಾಡಿಯ ಎರಡೂ ಬದಿಗೆ ಅದೇ ಜಾಗಾದಾಗ ಕಂಡ್ರ ಅದು ಗಿಲಾಯಿದ ಬಿರುಕಲ್ಲ, ಗ್ವಾಡಿಯೇ ಸೀಳ್ಯಾದ. ಬಾಗಿಲ ಹಾಕಿ ತೆಗೀರಿ, ಚೌಕಟ್ಟಿಗೆ ಹಿಡಿತದೇನು? ನೆಲದ ಶಹಾಬಾದ ಫರಸಿಗೂ ಗ್ವಾಡಿಗೂ ನಡುವ ಸಂದು ಬಿಟ್ಟದೇನು? ಹೊಸ ಬಣ್ಣ ಹಚ್ಚಿದ ಮನಿಯಾಗ ಇದನ್ನ ಕಪಾಟು ತೆಗದು ಒಳಗ ನೋಡ್ರಿ, ಅಲ್ಲಿ ಯಾರೂ ಬಣ್ಣ ಹಚ್ಚಂಗಿಲ್ಲ.

ಇದೇ ತಪಾಸಣಿ ಹೋಲಿಸೋ ಮನಿಗಳಿಗೂ ಮಾಡ್ರಿ. ಸಾಲಿನಾಗ ಎಲ್ಲಾ ಮನಿಗೂ ಬಿರುಕು ಇದ್ರ ಜಾಗದ ರೇಟಿನಾಗೇ ಅದು ಬಂದಿರ್ತದ, ಮತ್ತ ಕಳೀಬ್ಯಾಡ್ರಿ. ಇದೊಂದಕ್ಕೇ ಇದ್ರ ದುರಸ್ತಿ ಖರ್ಚು ಬರಸಿಕೊಂಡು ಬೆಲೆಯಾಗ ಕಳೀರಿ.

ನೀರಿಂದು ಏಪ್ರಿಲ್, ಮೇದಾಗ ನೋಡ್ರಿ. ಯಾವ ಮನಿ ಮುಂದ ಡ್ರಮ್ಮು ಸಾಲಾಗಿ ಇಟ್ಟಾರ, ಯಾವುದಕ್ಕ ಟ್ಯಾಂಕರ ಬರ್ತದ, ಓಣಿಯಾಗ ಒಂದು ಸುತ್ತು ಹೊಡದ್ರ ಗೊತ್ತಾಗ್ತದ.

ಬಾಡಿಗಿ ಮನಿ ನೋಡೋರು

ಮಾರೋ ಬೆಲೆ ಹೆಚ್ಚು ಮಾಡಿ ಹೇಳ್ತಾರ, ಬಾಡಿಗಿ ಮುಚ್ಚಿಡೋರು ಕಮ್ಮಿ. ಅದೇ ಸಾಲಿನ ಮೂರು ಮನಿ ಬಾಡಿಗಿ ಕೇಳಿ, ಒಂದೊಂದರ ವರ್ಷದ ಬಾಡಿಗಿಯನ್ನ ಆ ಮನಿಯ ಬೆಲೆಯಿಂದ ಭಾಗಿಸ್ರಿ, ನೀವು ನೋಡಿದ ಮನಿಗೂ ಹಂಗೇ ಮಾಡ್ರಿ. ಉಳಿದವಕ್ಕ 3% ಬಂದು ಇದಕ್ಕ 2% ಬಂದ್ರ ಬೆಲೆ ಏರಿಸ್ಯಾರ ಅಂತ ತಿಳೀರಿ.

ಪ್ರಶ್ನೆ ಕೇಳಿದವರು

ಒಳಗ ಮಾಡ್ಯುಲರ್ ಕಿಚನ್, ಪಿಓಪಿ ಛತ್ತು ಹೊಸದಾಗಿ ಮಾಡ್ಸ್ಯಾರ. ಅದಕ್ಕ ಎಷ್ಟು ಹಿಡೀಬೇಕ್ರಿ?

ಸೈಟ್ ಎಂಜಿನಿಯರ್

ಕಿಚನ್ನಿಗೆ ಖರ್ಚು ಮಾಡಿದ್ದರ ಅರ್ಧಕ್ಕಿಂತ ಹೆಚ್ಚು ಹಿಡೀಬ್ಯಾಡ್ರಿ. ಪಿಓಪಿಗೆ ನಾನು ಏನೂ ಹಿಡ್ಯಂಗಿಲ್ಲ, ಯಾಕಂದ್ರ 18 ವರ್ಷದ ಸ್ಲ್ಯಾಬಿನ ಕೆಳಗ ಹೊಸ ಪಿಓಪಿ ಹಾಕ್ಯಾರಂದ್ರ ಸೋರಿದ ಕಲಿ ಮುಚ್ಯಾರೇನು ಅಂತ ಮೊದಲ ಸಂಶಯ. ಎರಡು ಕಡೆ ಲೈಟು ಬಿಚ್ಚಸ್ರಿ, ಆ ತೂತಿನಾಗ ಮೊಬೈಲ ಟಾರ್ಚ್ ಹಾಕಿ ಸ್ಲ್ಯಾಬ್ ನೋಡ್ರಿ. ಕಬ್ಬಿಣ ಕಾಣತಿದ್ರ, ಇಲ್ಲಾ ತುಕ್ಕಿನ ಕೆಂಪು ಗೆರಿ ಇದ್ರ, 1.5% ಸವಕಳಿ ಲೆಕ್ಕ ಬಿಟ್ಟು ಸ್ಲ್ಯಾಬ್ ದುರಸ್ತಿಯ ರೇಟು ಬರಸ್ಕೊಂಡೇ ಮಾತಿಗೆ ಕೂಡ್ರಿ.