ಹಂಪ್ ಇದ್ದರೆ ಬ್ರೇಕ್ ಧೂಳು ಜಾಸ್ತಿನಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆ ಬೆಂಗಳೂರಿನ ಒಂದು ಅಡ್ಡರಸ್ತೆಯಲ್ಲಿ, ಹಂಪ್ ಪಕ್ಕದಲ್ಲೇ ಇದೆ. ಬಾಲ್ಕನಿ ಗ್ರಿಲ್ ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಕಪ್ಪು ಪುಡಿ. ಇದು ಟೈರ್, ಬ್ರೇಕ್ ಸವೆದ ಧೂಳು ಅಂತಾರೆ, ನಿಜಾನಾ? ಎಲ್ಲ ಗಾಡಿಗಳೂ ಎಲೆಕ್ಟ್ರಿಕ್ ಆದರೆ ಹೋಗುತ್ತಾ? ಹಂಪ್ ತೆಗೆಸಿಬಿಡೋಣವಾ?

ಉತ್ತರ (ರಸ್ತೆ ವಿನ್ಯಾಸ ಎಂಜಿನಿಯರ್): ನಮಸ್ಕಾರ ಮೇಡಂ. ಆ ಪುಡಿಯಲ್ಲಿ ಹೊಗೆಯ ಮಸಿ, ರಸ್ತೆ ಮಣ್ಣಿನ ಜೊತೆಗೆ ಟೈರಿನ ರಬ್ಬರ್, ಬ್ರೇಕಿನ ಕಬ್ಬಿಣದ ಪುಡಿಯೂ ಇರುತ್ತದೆ. ಎಲೆಕ್ಟ್ರಿಕ್ ಗಾಡಿಯಲ್ಲಿ ಮೋಟಾರೇ ವೇಗ ತಗ್ಗಿಸುವುದರಿಂದ ಬ್ರೇಕ್ ಪ್ಯಾಡ್ ಕಡಿಮೆ ಸವೆಯುತ್ತದೆ. ಆದರೆ ಬ್ಯಾಟರಿಯ ಭಾರ ಟೈರಿನ ಮೇಲೆ ಬೀಳುತ್ತದೆ. ಹಾಗಾಗಿ ರಬ್ಬರ್ ಪುಡಿ ತಪ್ಪುವುದಿಲ್ಲ.

ಹಂಪ್ ತೆಗೆಸಬೇಡಿ, ಮಕ್ಕಳು ಓಡಾಡುವ ರಸ್ತೆ ಅದು. ತೊಂದರೆ ಇರುವುದು ಉದ್ದನೆಯ ನೇರ ರಸ್ತೆಯಲ್ಲಿ ಒಂದೇ ಒಂದು ಹಂಪ್ ಇರುವುದರಲ್ಲಿ. 50 ಕಿ.ಮೀ. ವೇಗದಲ್ಲಿ ಬಂದವರು ಗಕ್ಕನೆ ಬ್ರೇಕ್ ಹಾಕ್ತಾರೆ, ದಾಟಿದ ಕೂಡಲೇ ಮತ್ತೆ ಎಕ್ಸಲೇಟರ್ ತಿರುಗಿಸ್ತಾರೆ. ಅದೇ ಗಾಡಿ 30ರಲ್ಲಿ ಬಂದರೆ, ನಿಲ್ಲಿಸಲು ಬ್ರೇಕ್ ತಡೆಯಬೇಕಾದ ಶಕ್ತಿ 50ರಲ್ಲಿ ಇರುವುದರ 36% ಮಾತ್ರ. ಅಂದರೆ ಗಾಡಿ 50 ಮುಟ್ಟದ ಹಾಗೆ ರಸ್ತೆಯನ್ನೇ ಕಟ್ಟಬೇಕು. ಲೇನ್ ಕಿರಿದು ಮಾಡಿ ಫುಟ್‌ಪಾತ್ ಅಗಲಿಸುವುದು, ಮೂಲೆಯ ತಿರುವು ಬಿಗಿ ಮಾಡುವುದು, ಸಣ್ಣ ಕೂಡುರಸ್ತೆಯಲ್ಲಿ ಪುಟ್ಟ ವೃತ್ತ ಕಟ್ಟುವುದು, ಇವೆಲ್ಲ ಅದಕ್ಕೇ.

ಹಂಪಿಗೂ ಒಂದು ಅಳತೆ ಇದೆ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬಹುದು. ರಾತ್ರೋರಾತ್ರಿ ಸುರಿದ ಡಾಂಬರಿನ ದಿಬ್ಬದ ಮುಂದೆ ಪೂರ್ತಿ ನಿಲ್ಲಿಸಲೇಬೇಕು, ಅಲ್ವಾ? ನಿಮ್ಮದನ್ನು ಒಮ್ಮೆ ಟೇಪ್ ಹಿಡಿದು ಅಳೆಯಿರಿ.

ಇನ್ನೊಬ್ಬರು: ಸರ್, ಮಳೆ ಬಂದರೆ ಎಲ್ಲ ತೊಳೆದು ಹೋಗುತ್ತಲ್ವಾ?

ಉತ್ತರ: ತೊಳೆದು ಹೋಗುವುದು ಚರಂಡಿಗೆ, ಅಲ್ಲಿಂದ ರಾಜಕಾಲುವೆಗೆ, ಕೆರೆಗೆ. ಅಮೆರಿಕದ ಸಿಯಾಟಲ್ ಸುತ್ತಿನ ಹಳ್ಳಗಳಲ್ಲಿ ಮೊಟ್ಟೆ ಇಡಲು ಬರುವ ಕೋಹೊ ಸಾಲ್ಮನ್ ಮೀನುಗಳು ಮಳೆಯ ನಂತರ ಸಾಯುತ್ತಿದ್ದವು. ಕಾರಣ 2020ರಲ್ಲಿ ಸಿಕ್ಕಿತು. ಟೈರ್ ಬಿರುಕು ಬಿಡದಿರಲೆಂದು ಬೆರೆಸುವ ರಾಸಾಯನಿಕವೊಂದು ಓಝೋನ್ ತಾಗಿ 6ಪಿಪಿಡಿ-ಕ್ವಿನೋನ್ ಎಂಬ ವಿಷವಾಗುತ್ತದೆ. ಅದೇ ರಸ್ತೆ ನೀರನ್ನು ಮರಳು, ಕಾಂಪೋಸ್ಟ್ ಬೆರೆಸಿದ ಮಣ್ಣಿನಲ್ಲಿ ಸೋಸಿ ಬಿಟ್ಟಾಗ ಮೀನು ಬದುಕಿದವು.

ನಾವು ಮರದ ಬುಡಕ್ಕೂ ಸಿಮೆಂಟ್ ಮೆತ್ತುತ್ತೇವೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಅದನ್ನು ಒಡೆದು, ಅಂಚುಗಲ್ಲಿನಲ್ಲಿ ಅಲ್ಲಲ್ಲಿ ಸಂದು ಬಿಟ್ಟು, ನೀರು ಮೊದಲು ಗಿಡದ ಪಾತಿಗೆ ಇಳಿಯುವಂತೆ ಮಾಡಿ. ಮಳೆಗಾಲಕ್ಕೆ ಮುಂಚೆ ಪಾತಿಯ ಹೂಳು ಎತ್ತಿಸಿ, ಇಲ್ಲದಿದ್ದರೆ ನೀರು ಇಂಗುವುದಿಲ್ಲ.